ಆರಡಿ ಹಗ್ಗದ ಪ್ರವಾಸ

"ಮನೇಲಿ ಹಾಸಿಗೆ ಇಟ್ಕಂಡು ಕಾಡಲ್ಲಿ ಮಲಗಕ್ಕೆ ದುಡ್ಡು ಕೊಡ್ತೀರಾ? ಅದೂ ನಾಯಿ ಕಟ್ಕಂಡು?" ಸಾಗರದಿಂದ ಅಮ್ಮ ಫೋನಿನಲ್ಲಿ ಕೇಳಿದಾಗ ಉತ್ತರ ಹೊಳೆಯಲಿಲ್ಲ. ಕಾರಿನ ಡಿಕ್ಕಿಯಲ್ಲಿ ಟೆಂಟು, ಚಾಪೆ, ಗ್ಯಾಸ್ ಒಲೆ, ಹುರಿದ ರವೆಯ ಡಬ್ಬಿ ಆಗಲೇ ತುಂಬಿಯಾಗಿತ್ತು. ಹಿಂದಿನ ಸೀಟು ರಾಗಿಯದು. ಮೈಬಣ್ಣ ನೋಡಿ ಇಟ್ಟ ಹೆಸರು. ಇಲ್ಲಿನ ನಾಯಿ ಡಾಕ್ಟರ ಬಾಯಲ್ಲಿ ಮಾತ್ರ ಅವಳು 'ರ‍್ಯಾಗಿ'.

ಬಾಸ್ಟನ್ ಹತ್ತಿರದ ನಮ್ಮ ಮನೆಯಿಂದ ಮೇನ್ ರಾಜ್ಯದ ಅಕೇಡಿಯಾ ನ್ಯಾಷನಲ್ ಪಾರ್ಕಿಗೆ ಸುಮಾರು 450 ಕಿ.ಮೀ. ಅಮೆರಿಕದ ಎಷ್ಟೋ ನ್ಯಾಷನಲ್ ಪಾರ್ಕುಗಳಲ್ಲಿ ನಾಯಿಗೆ ಕಾಲುದಾರಿಗೆ ಪ್ರವೇಶವಿಲ್ಲ. ಅಕೇಡಿಯಾದಲ್ಲಿ ಸುಮಾರು 160 ಕಿ.ಮೀ. ಕಾಲುದಾರಿ ಅವಕ್ಕೂ ತೆರೆದಿದೆ. ಹಗ್ಗ ಆರಡಿ ಮೀರಬಾರದು, ನಾಯಿಯನ್ನು ಕ್ಯಾಂಪಿನಲ್ಲಿ ಒಂಟಿಯಾಗಿ ಬಿಟ್ಟು ಹೋಗಬಾರದು, ಕಬ್ಬಿಣದ ಏಣಿ ಹಿಡಿದು ಹತ್ತುವ ಬೀಹೈವ್‌ನಂಥ ಬಂಡೆಗಳಿಗೆ ಒಯ್ಯಬಾರದು. ನಮ್ಮನೆಯವರು ಎರಡು ವರ್ಷದಿಂದ ಕನಸು ಕಂಡದ್ದು ಅದೇ ಬೀಹೈವ್! ಒಬ್ಬರು ಹತ್ತಿ, ಇನ್ನೊಬ್ಬರು ಕೆಳಗೆ ಕಾಯಬಹುದಿತ್ತು. ಮೊದಲ ದಿನ ರಾಗಿಯ ಮುಖ ನೋಡಿ ಅವರೇ ಆ ಮಾತು ಬಿಟ್ಟರು.

ಹಾಗಾಗಿ ನಮ್ಮ ಪಾಲಿಗೆ ಬಂದದ್ದು ಕ್ಯಾರಿಯೇಜ್ ರಸ್ತೆಗಳು. ಅಮೆರಿಕದ ಆಗರ್ಭ ಶ್ರೀಮಂತ ಜಾನ್ ಡಿ. ರಾಕ್‌ಫೆಲರ್ ಜೂನಿಯರ್ 1913ರಿಂದ 1940ರವರೆಗೆ ಕುದುರೆಗಾಡಿಗೆಂದು ಮಾಡಿಸಿದ ಜಲ್ಲಿದಾರಿಗಳು, ಇವತ್ತಿಗೂ ಅಲ್ಲಿ ಕಾರು ಬರುವಂತಿಲ್ಲ. ಕಲ್ಲಿನ ಕಮಾನು ಸೇತುವೆಗಳ ಕೆಳಗೆ ತೊರೆ ಸದ್ದು. ರಾಗಿ ಹತ್ತು ಹೆಜ್ಜೆಗೊಮ್ಮೆ ನಿಂತು ಮೂಸುವಳು, ನಾವೂ ನಿಲ್ಲಬೇಕು. ನಿಂತಲ್ಲೆಲ್ಲ ಹಾವಸೆ, ಸ್ಪ್ರೂಸ್ ಮರದ ಘಮ, ಎಲೆಯ ಸಂದಿಯಲ್ಲೊಂದು ತುಂಡು ಕಡಲು. ಜೋರ್ಡನ್ ಪಾಂಡ್ ಕಂಡಾಗ ಮಾತ್ರ ಎಳೆದ ಎಳೆತಕ್ಕೆ ನನ್ನ ಭುಜ ಕಳಚುವುದೊಂದು ಬಾಕಿ. ಅದು ಕುಡಿಯುವ ನೀರಿನ ಕೆರೆ, ನಾಯಿಯಿರಲಿ ಮನುಷ್ಯರೂ ಇಳಿಯುವಂತಿಲ್ಲ.

ಅದರ ದಡದ ಹುಲ್ಲುಹಾಸಿನಲ್ಲಿ ಕೂತು ಪಾಪ್‌ಓವರ್ ತಿಂದೆವು. ಮೈದಾ, ಹಾಲು, ಮೊಟ್ಟೆ ಕಲಸಿ ಬೇಯಿಸಿದ್ದು. ಪೂರಿಯ ಹಾಗೆ ಉಬ್ಬಿ ಒಳಗೆ ಟೊಳ್ಳು. ಮುರಿದರೆ ಬಿಸಿ ಹಬೆ, ಅದಕ್ಕೆ ಬೆಣ್ಣೆ, ಸ್ಟ್ರಾಬೆರಿ ಜಾಮ್. ಮೀನು ಮುಟ್ಟದ ನನಗೆ ಮೇನ್‌ನಲ್ಲಿ ದಕ್ಕಿದ ಹಬ್ಬದೂಟ ಇದೇ.

ನಮ್ಮನೆಯವರು ಕುಂದಾಪುರದವರು, ಅವರ ಹಬ್ಬ ಬೇರೆ. ಬೀದಿ ಬದಿಯ ಲಾಬ್‌ಸ್ಟರ್ (ದೊಡ್ಡ ಸಿಗಡಿಯಂಥ ಕಡಲಜೀವಿ) ಅಂಗಡಿಗಳ ಮುಂದೆ ಸೌದೆ ಒಲೆ, ದೊಡ್ಡ ಕೊಳಗದಲ್ಲಿ ಕಡಲ ನೀರೇ ಕುದಿಯುತ್ತಿರುತ್ತದೆ. ಹಸಿರುಗಪ್ಪು ಲಾಬ್‌ಸ್ಟರ್ ಒಳಗೆ ಹೋದದ್ದು ಕೆಂಪಾಗಿ ಬರುತ್ತದೆ. ಇಲ್ಲಿ ಮೊಟ್ಟೆ ಹೊತ್ತ ಹೆಣ್ಣು ಬೋನಿಗೆ ಸಿಕ್ಕರೆ ಬಾಲದಲ್ಲಿ ಸಣ್ಣ ಕಚ್ಚು ಹಾಕಿ ಮತ್ತೆ ಕಡಲಿಗೆ ಬಿಡುತ್ತಾರೆ, ಆ ಗುರುತು ಕಂಡರೆ ಮುಂದೆಯೂ ಹಿಡಿಯುವಂತಿಲ್ಲ. ಇದನ್ನು ಕೇಳಿ ಅವರು, "ನಮ್ಮ ಗಂಗೊಳ್ಳಿ ಬಂದರಿನಲ್ಲಿ ಹೇಳಿ ನೋಡು" ಎಂದು ನಕ್ಕರು. ನಾನು ಬೇಯಿಸಿದ ಜೋಳದ ತೆನೆ ಕಡಿಯುತ್ತಿದ್ದೆ. ದಿಂಡು ನುಂಗಿದರೆ ನಾಯಿಯ ಕರುಳು ಕಟ್ಟಿಕೊಳ್ಳುತ್ತದೆಂದು ಅದನ್ನು ಎತ್ತಿಟ್ಟು ಕಾಯುವುದೇ ಒಂದು ಕೆಲಸ.

ಸಂಜೆ ಪಾರ್ಕಿನ ಪಕ್ಕದ ಊರು ಬಾರ್ ಹಾರ್ಬರ್‌ನಲ್ಲಿ ಕಡಲಿನ ಇಳಿತದ ಹೊತ್ತು. ನೀರು ಸರಿದು ಎದುರಿನ ದ್ವೀಪಕ್ಕೆ ಜಲ್ಲಿದಾರಿ ಏಳುತ್ತದೆ. ಇಳಿತಕ್ಕೆ ಒಂದೂವರೆ ಗಂಟೆ ಹಿಂದೆ, ಒಂದೂವರೆ ಗಂಟೆ ಮುಂದೆ, ಅಷ್ಟೇ ಅದರ ಆಯುಷ್ಯ. ಹೊತ್ತು ಮರೆತು ಅಲ್ಲೇ ನಿಲ್ಲಿಸಿದ ಕಾರುಗಳು ಮುಳುಗಿದ್ದೂ ಉಂಟಂತೆ. ರಾಗಿ ಚಿಪ್ಪುಗಳನ್ನು ಒಂದೊಂದಾಗಿ ಮೂಸಿ ಬರುವಷ್ಟರಲ್ಲಿ ಎರಡೂ ಕಡೆಯಿಂದ ನೀರು ಹತ್ತಿರವಾಗಿತ್ತು. ಕೊನೆಯ ನೂರು ಹೆಜ್ಜೆ ಓಡಿದೆವು.

ರಾತ್ರಿ ಟೆಂಟಿನಲ್ಲಿ ಟಾರ್ಚ್ ಹಿಡಿದು ಅವಳ ಕಿವಿ, ಕಂಕುಳು, ಬೆರಳಸಂದಿಯಲ್ಲಿ ಉಣುಗು ಹುಡುಕಿದೆ. ಇಲ್ಲಿ ಅದು ಲೈಮ್ ಕಾಯಿಲೆ ತರುತ್ತದೆ. ಉಣುಗಿನಿಂದಲೇ ಹರಡುವ ಮಂಗನ ಕಾಯಿಲೆಯ ಸೀಮೆಯಲ್ಲಿ ಬೆಳೆದವಳಿಗೆ ಈ ಕೆಲಸ ಯಾರೂ ಕಲಿಸಬೇಕಿಲ್ಲ. ಎರಡು ಸಿಕ್ಕವು.

ಮರಳುವ ದಾರಿಯಲ್ಲಿ ಕಾಡು ಬ್ಲೂಬೆರಿ ಮಾರುವ ಪುಟ್ಟ ಮೇಜು. ಅಂಗಡಿಯ ಬ್ಲೂಬೆರಿಯಂತಲ್ಲ, ಕಾಕೆಹಣ್ಣಿನಷ್ಟು ಸಣ್ಣವು, ಹುಳಿಸಿಹಿ. ಮಾರುವವರಿಲ್ಲ, ದುಡ್ಡಿನ ಡಬ್ಬಿ ಮಾತ್ರ. ಎರಡು ಬುಟ್ಟಿ ತೆಗೆದುಕೊಂಡು ಹಿಂದಿನ ಸೀಟಿನ ಕೆಳಗಿಟ್ಟೆ. ಅರ್ಧ ಗಂಟೆಯಾದರೂ ಹಿಂದಿನ ಸೀಟಿನಿಂದ ಸದ್ದೇ ಇಲ್ಲ. ಪಾಪ, ದಣಿದು ಮಲಗಿದ್ದಾಳೆ ಎಂದುಕೊಂಡೆವು. ಪೆಟ್ರೋಲ್ ಹಾಕಿಸಲು ನಿಂತಾಗ ತಿರುಗಿ ನೋಡಿದರೆ ಒಂದು ಬುಟ್ಟಿ ಖಾಲಿ, ಸೀಟಿನ ಬಟ್ಟೆಯೆಲ್ಲ ನೇರಳೆ.