ಮಾವಿನಕೆರೆ ದಂಡೆಯ ಬೇಸಿಗೆ: ಇಲ್ಲಿಯವರೆಗೆ ಆದ ಕೆಲಸ

ಯುಗಾದಿ ಆದಮೇಲೆ

ರಾಯಚೂರಿನಲ್ಲಿ ಬೇಸಿಗೆ ಕಾರ್ಯಕ್ರಮ ಮಾಡಬೇಕೆಂದರೆ ಮೊದಲು ಬಿಸಿಲಿನ ಜೊತೆ ರಾಜಿಯಾಗಬೇಕು. ಏಪ್ರಿಲ್, ಮೇ ಎರಡು ತಿಂಗಳು ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ನಾನೂ ಆ ಲೆಕ್ಕದಲ್ಲಿ ಬರುವ ನೌಕರ. ಹಾಗಾಗಿ ಮಧ್ಯಾಹ್ನ ಕೈ ಖಾಲಿ. ಆದರೆ ಸಂಜೆ ಐದರ ತನಕ ಹೊರಗೆ ಕಾಲಿಡುವ ಧೈರ್ಯ ಯಾರಿಗೂ ಇಲ್ಲ. ಶಾಲೆಗೆ ರಜೆ, ಮಕ್ಕಳ ಕೈಯಲ್ಲಿ ಮೊಬೈಲು, ಮುದುಕರ ಕೈಯಲ್ಲಿ ಬೀಸಣಿಕೆ. ಈ ಸಲ ಕೆರೆಯ ದಂಡೆಯಲ್ಲಿ ವಾರಕ್ಕೊಮ್ಮೆ ಏನಾದರೂ ನಡೆಸೋಣ ಎಂದು ಓಣಿಯ ನಾಲ್ಕಾರು ಮಂದಿ ಕೂತು ಮಾತಾಡಿದೆವು.

ಒಂದು ಮಾತು ಮೊದಲೇ ತೀರ್ಮಾನ: ಪೆಂಡಾಲ್ ಇಲ್ಲ, ಶಾಲು-ಹಾರ ಇಲ್ಲ, ಭಾಷಣ ಇಲ್ಲ. ಓಣಿಯಲ್ಲಿ ಹೇಗಿದ್ದರೂ ನಡೆಯುವುದನ್ನೇ ಹೊತ್ತು ನೋಡಿ ದಂಡೆಗೆ ತರುವುದು. ಹೊಸದು ಏನಾದರೂ ಇದ್ದರೆ ಅದು ಒಂದೇ, ಅದೂ ನನ್ನ ಹುಚ್ಚು. ಅದನ್ನು ಮುಂದೆ ಬರೆಯುತ್ತೇನೆ.

ಊರು ಗೊತ್ತಿಲ್ಲದವರಿಗೆ: ಮಾವಿನಕೆರೆಯನ್ನು ಇಲ್ಲಿ ಆಮ್ ತಲಾಬ್ ಅಂತಲೂ ಕರೆಯುತ್ತಾರೆ. ಹತ್ತಿರದಲ್ಲೇ ಕೋಟೆಯ ಗುಡ್ಡ. ಗುಡ್ಡದ ಬಂಡೆ ಹಗಲೆಲ್ಲ ಕಾದು ರಾತ್ರಿ ಆ ಕಾವನ್ನು ಬಿಡುತ್ತಾ ಇರುತ್ತದೆ. ಅದಕ್ಕೇ ಮನೆಯೊಳಗಿಗಿಂತ ನೀರಿನ ಕಡೆಯ ಕಟ್ಟೆಯೇ ಮೇಲು ಎಂದು ಹಳಬರು ಮೊದಲಿಂದಲೂ ಅಲ್ಲೇ ಕೂರುತ್ತಾರೆ. ನಾವು ಮಾಡಿದ್ದು ಅವರ ಪಕ್ಕದಲ್ಲಿ ಜಾಗ ಕೇಳಿದ್ದು, ಅಷ್ಟೇ.

ಏಪ್ರಿಲ್ ಮೊದಲರ್ಧ: ಅರವಟಿಗೆ

ಶುರು ಮಾಡಿದ್ದು ನೀರಿನಿಂದ. ರಾಮನವಮಿಗೆ ಹೇಗೂ ಪಾನಕ, ಕೋಸಂಬರಿ ಹಂಚುತ್ತಾರೆ. ಆ ದಿನ ಇಟ್ಟ ಗಡಿಗೆಗಳನ್ನು ಮರುದಿನ ಎತ್ತಲಿಲ್ಲ. ಬೇವಿನ ಮರದ ಬುಡದಲ್ಲಿ ಎರಡು ದೊಡ್ಡ ರಂಜಣಿಗೆ, ಒಂದು ಸಣ್ಣ ಗಡಿಗೆ.

ಫ್ರಿಜ್ ನೀರಿನ ಕ್ಯಾನ್ ಇಡೋಣ ಎಂದವರಿದ್ದರು. ನಾನು ಮಣ್ಣಿನ ಪರ. ಗಡಿಗೆಯ ಮೈಯಿಂದ ಜಿನುಗುವ ನೀರು ಆವಿಯಾಗುವಾಗ ಒಳಗಿನ ನೀರಿನ ಶಾಖವನ್ನು ಎಳೆದುಕೊಂಡು ಹೋಗುತ್ತದೆ. ಒಂದು ಗ್ರಾಂ ನೀರು ಆವಿಯಾದರೆ ಹೆಚ್ಚುಕಡಿಮೆ 580 ಕ್ಯಾಲರಿ ಶಾಖ ಹೊರಟಂತೆ. ಗಾಳಿ ಒಣಗಿದ್ದಷ್ಟೂ ಈ ಕೆಲಸ ಜೋರು, ಮತ್ತು ಏಪ್ರಿಲ್‌ನಲ್ಲಿ ನಮ್ಮೂರ ಗಾಳಿಗಿಂತ ಒಣ ಗಾಳಿ ಹುಡುಕಬೇಕು. ಇದೇ ಗಡಿಗೆ ಜೂನ್‌ನಲ್ಲಿ ಮಳೆಗಾಳಿ ಶುರುವಾದಮೇಲೆ ಅಷ್ಟು ತಂಪು ಕೊಡುವುದಿಲ್ಲ. ಹೊಸ ಗಡಿಗೆಯನ್ನು ಒಂದು ರಾತ್ರಿ ನೀರಲ್ಲಿ ಮುಳುಗಿಸಿಟ್ಟು, ಸುತ್ತ ಗೋಣಿತಾಟು ಸುತ್ತಿ ಅದನ್ನು ಒದ್ದೆಯಾಗಿಟ್ಟೆವು. ಕೆಳಗೆ ಮರಳಿನ ಬದಲು ಕಬ್ಬಿಣದ ಸ್ಟ್ಯಾಂಡ್ ಹಾಕಿದ್ದರಿಂದ ತಳಕ್ಕೂ ಗಾಳಿ ಆಡುತ್ತದೆ. ಬಣ್ಣ ಬಳಿದ ಚಂದದ ಗಡಿಗೆ ಯಾರೋ ಕೊಡಲು ಬಂದರು. ಬಣ್ಣ ಮೈಯ ರಂಧ್ರ ಮುಚ್ಚುತ್ತದೆ, ಅದರಲ್ಲಿ ಹೂ ಇಡಿ ಎಂದೆ.

ಲೋಟ ಕಳುವಾಗುತ್ತದೆ ಎಂದು ಸರಪಳಿ ಕಟ್ಟುವ ಮಾತು ಬಂತು. ಚಹಾ ಅಂಗಡಿ ಅಜ್ಜ ಒಪ್ಪಲಿಲ್ಲ. "ನೀರ್ ಕುಡ್ಯೋರ ಕೈಗೆ ಸರಪಳಿ ಹಾಕ್ತೀರೇನ್ರೀ?" ಎಂದು ತನ್ನ ಅಂಗಡಿಯ ಸ್ಟೀಲ್ ಲೋಟಗಳನ್ನೇ ತಂದಿಟ್ಟ. ಕೆಲವು ಹೋದವು, ಕೆಲವು ಬಂದವು. ಬಂದವುಗಳಲ್ಲಿ ಒಂದರ ಮೇಲೆ ಯಾರದೋ ಮದುವೆಯ ಹೆಸರು ಕೊರೆದಿದೆ.

ಏಪ್ರಿಲ್ ಕೊನೆ: ಚೌಕಾಬಾರದ ಜಗಳ

ಅತಿ ಹೆಚ್ಚು ಮಂದಿ ಸೇರಿದ್ದು ಆಟಕ್ಕೆ. ಕಟ್ಟೆಯ ಮೇಲೆ ಬಿಳಿ ಪೇಂಟಿನಲ್ಲಿ ಐದು-ಐದರ ಚೌಕ ಬರೆದು, ನಾಲ್ಕು ಬದಿಯ ನಡುಮನೆಗೂ ಮಧ್ಯದ ಮನೆಗೂ ಕಾಟು ಹಾಕಿದೆವು. ಕವಡೆ ಕೆಲವರ ಮನೆಯಲ್ಲಿ ಇದ್ದವು. ಇಲ್ಲದವರು ಹುಣಸೆಬೀಜವನ್ನು ಕಲ್ಲಿಗೆ ಉಜ್ಜಿ ಒಂದು ಮೈ ಬಿಳಿ ಮಾಡಿಕೊಂಡರು. ನಾಲ್ಕೂ ಅಂಗಾತ ಬಿದ್ದರೆ ನಾಲ್ಕು, ನಾಲ್ಕೂ ಬೋರಲು ಬಿದ್ದರೆ ಎಂಟು. ಇಲ್ಲಿಯ ತನಕ ಎಲ್ಲರದೂ ಒಂದೇ ಮಾತು.

ಆಮೇಲೆ ಶುರು. ಎದುರಾಳಿಯ ಒಂದು ಕಾಯಿಯನ್ನಾದರೂ ಹೊಡೆಯದೆ ಒಳಸುತ್ತಿಗೆ ಹೋಗಬಹುದೋ ಇಲ್ಲವೋ? ಜೋಡಿ ಕಾಯಿಯನ್ನು ಒಂಟಿ ಕಾಯಿ ಹೊಡೆಯಬಹುದೋ? ಮಸ್ಕಿ ಕಡೆಯಿಂದ ಬಂದ ಸೊಸೆಗೆ ಒಂದು ಕಾಯಿದೆ, ಗದ್ವಾಲದ ತವರಿನವರಿಗೆ ಇನ್ನೊಂದು, ಪಕ್ಕದ ಗಲ್ಲಿಯ ಬೂಬಮ್ಮನಿಗೆ ಮತ್ತೊಂದು. ಕನ್ನಡ, ತೆಲುಗು, ಉರ್ದು ಮೂರರಲ್ಲೂ ವಾದ ನಡೆಯಿತು. ಯಾರು ಯಾವ ಭಾಷೆಯಲ್ಲಿ ಬೈದರೂ ಎಲ್ಲರಿಗೂ ತಿಳಿಯುವುದೇ ಈ ಊರಿನ ಲಕ್ಷಣ. ಕೊನೆಗೆ ಹೆಂಗಸರೇ ಕೂತು ದಂಡೆಗೆ ಅಂತ ಒಂದು ಕಾಯಿದೆ ಮಾಡಿ ಗೋಡೆಗೆ ಸುಣ್ಣದಲ್ಲಿ ಬರೆಸಿದರು: ಹೊಡೆಯದೆ ಒಳಗೆ ಪ್ರವೇಶವಿಲ್ಲ, ಜೋಡಿಯನ್ನು ಜೋಡಿಯೇ ಹೊಡೆಯಬೇಕು. ಗಂಡಸರನ್ನು ಕೇಳಲಿಲ್ಲ. ಕೇಳಿದ್ದರೆ ಇನ್ನೂ ಬರೆಯುತ್ತಾ ಇರುತ್ತಿದ್ದರು.

ಲಗೋರಿ, ಚಿನ್ನಿದಾಂಡು ಸಣ್ಣವರಿಗೆ. ಚಿನ್ನಿ ನೀರಿಗೆ ಬೀಳುತ್ತದೆ ಎಂದು ಅದನ್ನು ಗುಡ್ಡದ ಬದಿಗೆ ಸಾಗಿಸಿದೆವು.

ದೀಪದ ಕೆಲಸವನ್ನೂ ಈ ವಾರವೇ ಮುಗಿಸಿದ್ದು. ಕಂಬದಲ್ಲಿದ್ದ ಬಿಳಿ ಬೆಳಕಿಗೆ ಕೆರೆಯ ಹುಳಗಳು ಮೋಡವಾಗಿ ಮುತ್ತುತ್ತಿದ್ದವು, ಕವಡೆ ಎಣಿಸಲು ಬಾಯಿ ತೆರೆದರೆ ಒಳಗೇ. ನೀಲಿ ಮತ್ತು ಅತಿನೇರಳೆ ಅಂಶ ಇರುವ ಬೆಳಕು ಹುಳಗಳನ್ನು ಹೆಚ್ಚು ಸೆಳೆಯುತ್ತದೆ. ನಮ್ಮ ಜಾಗದಲ್ಲಿ ಹಳದಿ ಎಲ್‌ಇಡಿ ಬಲ್ಬು ತೂಗುಹಾಕಿ, ಬಿಳಿಯದನ್ನು ದೂರದಲ್ಲಿ ಉರಿಯಲು ಬಿಟ್ಟೆವು. ಹುಳ ಆ ಕಡೆ, ನಾವು ಈ ಕಡೆ. ಕರೆಂಟ್ ಹೋದರೆ ಇರಲಿ ಎಂದು ಚಾರ್ಜಿನ ದೀಪವೂ ಉಂಟು. ಕರೆಂಟ್ ಹೋಗುವುದಂತೂ ಉಂಟೇ ಉಂಟು.

ಮೇ ಮೊದಲ ವಾರ: ನೆರಳಿಲ್ಲದ ಮಧ್ಯಾಹ್ನ

ಇದು ನನ್ನ ಹುಚ್ಚು. ಎಲ್ಲ ಕಾರ್ಯಕ್ರಮ ಸಂಜೆಗೆ ಎಂದು ನಿಯಮ ಮಾಡಿ, ಒಂದನ್ನು ಮಾತ್ರ ಮೇ ತಿಂಗಳ ನಡುಮಧ್ಯಾಹ್ನಕ್ಕೆ ಇಟ್ಟೆ. ಅರ್ಧ ದಿನದ ರಜೆ ಹಾಕಿದೆ. ಮನೆಯಲ್ಲಿ ಯಾರೂ ಮಾತಾಡಿಸಲಿಲ್ಲ.

ಲೆಕ್ಕ ಹೀಗೆ. ಕರ್ಕಾಟಕ ಮತ್ತು ಮಕರ ಸಂಕ್ರಾಂತಿ ವೃತ್ತಗಳ ನಡುವಿನ ಊರುಗಳಿಗೆ ವರ್ಷದಲ್ಲಿ ಎರಡು ಸಲ ಸೂರ್ಯ ನೆತ್ತಿಯ ಮೇಲೆ ಸರಿಯಾಗಿ ಬರುತ್ತಾನೆ. ಸೂರ್ಯ ಉತ್ತರಕ್ಕೆ ಸರಿಯುತ್ತಾ ಬೆಂಗಳೂರನ್ನು ಏಪ್ರಿಲ್ 24ರ ಹೊತ್ತಿಗೆ ದಾಟುತ್ತಾನೆ, ಬಳ್ಳಾರಿಯನ್ನು ಮೇ 1ರ ಆಸುಪಾಸು. ರಾಯಚೂರು ಇರುವುದು ಸುಮಾರು 16.2 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಹಾಗಾಗಿ ನಮ್ಮ ಪಾಳಿ ಮೇ 5ರ ಸುಮಾರಿಗೆ. ಆಮೇಲೆ ಕಲಬುರಗಿ, ಬೀದರ. ಆ ದಿನಗಳಲ್ಲಿ ಆತನ ನಡಿಗೆ ದಿನಕ್ಕೆ 30 ಕಿಲೋಮೀಟರ್ ಚಿಲ್ಲರೆ, ಅಂದರೆ ಪಾದಯಾತ್ರೆಗೆ ಹೊರಟ ಗಟ್ಟಿ ಮನುಷ್ಯನ ವೇಗ.

ಹೊತ್ತು ಹನ್ನೆರಡಲ್ಲ. ನಮ್ಮ ಗಡಿಯಾರ 82.5 ಡಿಗ್ರಿ ರೇಖಾಂಶದ್ದು. ರಾಯಚೂರು ಅದಕ್ಕಿಂತ ಐದು ಡಿಗ್ರಿಗೂ ಸ್ವಲ್ಪ ಹೆಚ್ಚು ಪಶ್ಚಿಮಕ್ಕಿದೆ. ಡಿಗ್ರಿಗೆ 4 ನಿಮಿಷದಂತೆ 20 ನಿಮಿಷದ ಮೇಲೆ ತಡ. ಮೇ ಆರಂಭದಲ್ಲಿ ಸೂರ್ಯ ಗಡಿಯಾರಕ್ಕಿಂತ 3 ನಿಮಿಷ ಮುಂದಿರುತ್ತಾನೆ, ಅದನ್ನು ಕಳೆದರೆ 12.17. ಹನ್ನೆರಡಕ್ಕೇ ಬಂದು ನಿಂತು "ನೆರಳು ಐತಲ್ಲ!" ಎಂದು ನಕ್ಕು ಹೊರಟ ಇಬ್ಬರನ್ನು ಮಜ್ಜಿಗೆ ಕೊಟ್ಟು ಕೂರಿಸಿದೆವು.

ಸಾಮಾನು ಹೆಚ್ಚೇನಿಲ್ಲ. ಮೇಸ್ತ್ರಿಯ ರಸಮಟ್ಟ, ತೂಕದ ಗುಂಡು, ಚೌಕವಾಗಿ ಕೊಯ್ದ ಪಿವಿಸಿ ಪೈಪಿನ ತುಂಡು, ಸ್ಟೀಲ್ ಲೋಟ. ಮೇಸ್ತ್ರಿಯೇ ಬಂದು ಹಲಗೆಯನ್ನು ಮಟ್ಟ ಮಾಡಿಕೊಟ್ಟ, ನನ್ನ ಕೈಗೆ ಮುಟ್ಟಿಸಲೂ ಇಲ್ಲ. ಎಲ್ಲರೂ ಬೇವಿನ ನೆರಳಲ್ಲೇ ಕಾದು, ಹೊತ್ತಾದಾಗ ಮಾತ್ರ ಸರದಿಯಲ್ಲಿ ಬಿಸಿಲಿಗೆ ಬಂದರು. ಚಪ್ಪಲಿ, ತಲೆಗೆ ಟವೆಲ್ ಕಡ್ಡಾಯ. ಮೇಲೆ ನೋಡುವಂತಿಲ್ಲ, ಕೆಳಗೆ ಮಾತ್ರ.

ಲೋಟದ ನೆರಳು ಕುಗ್ಗುತ್ತಾ ಬುಡಕ್ಕೆ ಸೇರಿ ಇಲ್ಲವಾಯಿತು. ಪೈಪಿನದು ಇನ್ನೂ ಚೆಂದ. ಬೆಳಕು ನೇರ ಒಳಗಿಳಿದು ತಳದಲ್ಲಿ ದುಂಡಗೆ ಕೂತಿತು, ಸುತ್ತ ಪೈಪಿನ ದಪ್ಪದಷ್ಟೇ ತೆಳು ಉಂಗುರ. ಮಕ್ಕಳು ಎಗರಿ ನೋಡಿದರು. ಎಗರಿದಾಗ ನೆರಳು ಸರಿಯಾಗಿ ಕಾಲ ಕೆಳಗೇ ಬೀಳುವುದು ಕಂಡು ಒಬ್ಬಳು ಇಳಿಯಲೇ ಒಲ್ಲೆ ಎನ್ನುವಂತೆ ಎಗರುತ್ತಿದ್ದಳು. ಚಹಾ ಅಜ್ಜನ ಕಾಯಿದೆ ಬೇರೆ: "ಇದೇನ್ ಹೊಸಾದಲ್ಲ. ನಡುಹೊತ್ತಿನ್ಯಾಗ ಎತ್ತಿನ ನೆರಳು ಎತ್ತಿನ ಹೊಟ್ಟಿ ಕೆಳಗ ಬಂದ್ರ ನೊಗ ಇಳಸ್ತಿದ್ವಿ." ನನ್ನ ಅಷ್ಟೂ ಗಣಿತಕ್ಕೆ ಆತ ಒಂದು ಎತ್ತನ್ನು ತಂದು ನಿಲ್ಲಿಸಿದ.

ಮುಂದೆ ಮಾಡುವವರಿಗೆ ಒಂದು ಮಾತು: ಮೋಡ ಬಂದರೆ ಗಾಬರಿ ಬೇಡ. ಹಿಂದಿನ ದಿನ, ಮರುದಿನ ಕೂಡ ಒಂದು ಮೀಟರ್ ಕೋಲಿನ ನೆರಳು ಅರ್ಧ ಸೆಂಟಿಮೀಟರ್ ಆಸುಪಾಸು ಮಾತ್ರ.

ಮೇ ನಡುವೆ: ಹಾಡು, ಹಕ್ಕಿ

ಹಾಡಿನ ಸಂಜೆಗೆ ಮೈಕು ಬೇಡವೆಂದಿದ್ದೆ, ಸೋತೆ. ಸಣ್ಣ ಸ್ಪೀಕರ್ ಬಂತು, ಆದರೆ ಒಂಬತ್ತಕ್ಕೆ ಬಂದ್. ದಾಸರ ನಾಡಿದು. ಮಾನ್ವಿಯ ಜಗನ್ನಾಥದಾಸರು, ಚೀಕಲಪರ್ವಿಯ ವಿಜಯದಾಸರು ಈ ಜಿಲ್ಲೆಯವರೇ, ಹಾಗಾಗಿ ಭಜನೆಯ ಹೆಂಗಸರಿಗೆ ಹಾಡು ಹುಡುಕುವ ಕಷ್ಟವಿರಲಿಲ್ಲ. ರಿವಾಯತ್ ಹಾಡುವ ಹಿರಿಯರೊಬ್ಬರನ್ನು ಕರೆದೆವು. ಅದು ಮೊಹರಂದು, ಈಗ ಹಾಡುವುದಿಲ್ಲ ಎಂದು ಕಡ್ಡಿ ಮುರಿದಂತೆ ಹೇಳಿ, ಬದಲಿಗೆ ಕಡಕೋಳ ಮಡಿವಾಳಪ್ಪನವರ ತತ್ವಪದ ಎತ್ತಿಕೊಂಡರು. ದಮ್ಮಡಿ ಒಂದೇ ಸಾಕಾಯಿತು. ಆವತ್ತು ಸ್ಪೀಕರ್ ತಾನಾಗಿ ಮೂಲೆ ಸೇರಿತು.

ಹಕ್ಕಿ ನೋಡುವ ಬೆಳಗಿಗೆ ಬಂದವರು ಕಡಿಮೆ. ಆರಕ್ಕೆ ಏಳುವುದು ರಜೆಯ ಧರ್ಮಕ್ಕೆ ವಿರುದ್ಧವಂತೆ. ನೀರು ಇಳಿದಾಗ ಮೀನು ಆಳವಿಲ್ಲದ ಜಾಗಕ್ಕೆ ಸೇರುವುದರಿಂದ ಬಕ, ಬೆಳ್ಳಕ್ಕಿ, ನೀರುಕಾಗೆ, ಮಿಂಚುಳ್ಳಿ ಎಲ್ಲ ಹತ್ತಿರದಲ್ಲೇ ಸಿಕ್ಕವು. ಅವುಗಳ ಜೊತೆಗೆ ತೇಲುವ ಪ್ಲಾಸ್ಟಿಕ್ಕೂ, ಚರಂಡಿಯ ವಾಸನೆಯೂ. ಮಕ್ಕಳು ಪಟ್ಟಿಯಲ್ಲಿ ಅದನ್ನೂ ಬರೆದರು. ನಾನು ಹೊಡೆದು ಹಾಕಲಿಲ್ಲ.

ಕಾರಹುಣ್ಣಿಮೆಗೆ ಮುಂಚೆ

ಈಗ ಕೈಯಲ್ಲಿರುವುದು ಎರಡು ಕೆಲಸ. ಮೊದಲನೆಯದು ಕೋಟೆ ನಡಿಗೆ, ಬೆಳಿಗ್ಗೆ ಆರೂವರೆಗೆ. ಕೋಟೆಯ ಗೋಡೆಯಲ್ಲಿ 1294ರ ಶಾಸನವಿರುವ, 41 ಅಡಿಗೂ ಮೀರಿ ಉದ್ದವಿರುವ ಬಂಡೆಯಿದೆ. ಅಂಥ ಬಂಡೆಯನ್ನು ಗಾಡಿಯ ಮೇಲಿಟ್ಟು ಕೋಣಗಳಿಂದ ಎಳೆಸಿ ತರುವ ಚಿತ್ರವನ್ನೂ ಗೋಡೆಯಲ್ಲೇ ಕೊರೆದಿದ್ದಾರೆ. ಕಾರಹುಣ್ಣಿಮೆಗೆ ಮುನ್ನೂರು ಕಾಪು ಸಮಾಜದವರು ನಡೆಸುವ ಮುಂಗಾರು ಹಬ್ಬದಲ್ಲಿ ಎತ್ತುಗಳು ಟನ್‌ಗಟ್ಟಲೆ ಭಾರದ ಕಲ್ಲು ಎಳೆಯುವುದನ್ನು ನೋಡಲು ಊರೇ ಹೋಗುತ್ತದೆ. ಅದಕ್ಕೆ ಮುಂಚೆ ಮಕ್ಕಳಿಗೆ ಈ ಚಿತ್ರ ತೋರಿಸಬೇಕೆಂದು ನನ್ನ ಆಸೆ. ಅಷ್ಟು ಎತ್ತರದ ಗೆರೆಗಳು ಬೆಳಗಿನ ಓರೆ ಬಿಸಿಲಿದ್ದರೆ ಮಾತ್ರ ಎದ್ದು ಕಾಣುತ್ತವೋ ಏನೋ, ಮೊದಲು ಒಬ್ಬನೇ ಹೋಗಿ ನೋಡಿ ಬರಬೇಕು.

ಎರಡನೆಯದು ಮಣ್ಣೆತ್ತು. ಅಮಾವಾಸ್ಯೆಗೆ ಕೊಂಡು ತರುವ ಬದಲು ದಂಡೆಯಲ್ಲೇ ಮಾಡಿಸುವುದು. ಕೆರೆಯ ಹೂಳನ್ನು ಮಕ್ಕಳ ಕೈಗೆ ಕೊಡುವ ಸ್ಥಿತಿ ಈಗಿಲ್ಲ, ಅದಕ್ಕೇ ಹೊಲದಿಂದ ಎರೆಮಣ್ಣು ತರಿಸಿದ್ದೇವೆ. ಎರೆ ಒಣಗುವಾಗ ಕುಗ್ಗಿ ಬಿರಿಯುತ್ತದೆ. ಮೊದಲು ಮಾಡಿನೋಡಿದ ಎತ್ತುಗಳ ಕೊಂಬು, ಕಾಲು ಬೇರೆಯಾದವು. ಕುಂಬಾರಣ್ಣನ ಸಲಹೆಯಂತೆ ಸ್ವಲ್ಪ ಸಣ್ಣ ಮರಳು, ಕೆಮ್ಮಣ್ಣು ಬೆರೆಸಿ, ನೆರಳಲ್ಲಿ ಒದ್ದೆ ಬಟ್ಟೆ ಹೊದಿಸಿ ಒಣಗಿಸುತ್ತಿದ್ದೇವೆ. ಈ ಸುತ್ತಿನವು ಇನ್ನೂ ನಿಂತಿವೆ.

ನೆರಳಿಲ್ಲದ ದಿನ ಮತ್ತೆ ಬರುವುದು ಆಗಸ್ಟ್ 7 ಅಥವಾ 8ಕ್ಕೆ, ಆಗ ಹೊತ್ತು 12.26. ಮೋಡ ಬಿಟ್ಟುಕೊಡುವುದು ಅನುಮಾನ, ಮಕ್ಕಳೂ ಶಾಲೆಯಲ್ಲಿರುತ್ತಾರೆ. ಮುಖ್ಯೋಪಾಧ್ಯಾಯರನ್ನು ಕೇಳಿ ಶಾಲೆಯ ಅಂಗಳದಲ್ಲೇ ಹಲಗೆ ಇಡುವ ಯೋಚನೆಯಿದೆ. ಮೇಸ್ತ್ರಿ ಬರಲು ಒಪ್ಪಿದ್ದಾನೆ, ರಸಮಟ್ಟ ಮಾತ್ರ ತಾನೇ ಹಿಡಿಯುತ್ತಾನಂತೆ.