ಸ್ಕೈ ದ್ವೀಪದ ಹನ್ನೆರಡು ಮನ್ರೋಗಳು: ಇಬ್ಬರೇ ಹೋಗುವವರಿಗೆ

ಸ್ಕಾಟ್ಲೆಂಡಿನಲ್ಲಿ 3,000 ಅಡಿ, ಅಂದರೆ 914.4 ಮೀಟರ್ ದಾಟಿದ 282 ಶಿಖರಗಳನ್ನು ಮನ್ರೋ ಎನ್ನುತ್ತಾರೆ. 1891ರಲ್ಲಿ ಮೊದಲ ಪಟ್ಟಿ ಪ್ರಕಟಿಸಿದ ಸರ್ ಹ್ಯೂ ಮನ್ರೋ ಅವರ ಹೆಸರೇ ಇವಕ್ಕೆ ಬಂದಿದೆ. ಪಟ್ಟಿ ಮುಗಿಸಲು ಹೊರಟವರು ಸ್ಕೈ ದ್ವೀಪದ ಹನ್ನೆರಡನ್ನು ಮುಂದೂಡುತ್ತಲೇ ಹೋಗುವುದು ಸಾಮಾನ್ಯ. ಎತ್ತರ ಅದಕ್ಕೆ ಕಾರಣವಲ್ಲ. ಅಲ್ಲಿಯ ಅತಿ ಎತ್ತರದ ಸ್ಕೂರ್ ಅಲಸ್ಡರ್ ಕೂಡ 992 ಮೀಟರ್ ಅಷ್ಟೇ. ತೊಂದರೆ ಇರುವುದು ಬಂಡೆಯಲ್ಲಿ. ಬೇರೆ ಮನ್ರೋಗಳಲ್ಲಿ ಬಹುಪಾಲಿಗೆ ಗಟ್ಟಿ ಕಾಲು ಸಾಕು. ಇಲ್ಲಿ ಕೈಯೂ ಬೇಕು, ಇನ್‌ಆಕ್ಸೆಸಿಬಲ್ ಪಿನಕಲ್ ಎಂಬ ಒಂದು ಶಿಖರಕ್ಕಂತೂ ಹಗ್ಗ ಬೇಕೇ ಬೇಕು. ಸ್ವತಃ ಮನ್ರೋ 1919ರಲ್ಲಿ ತೀರಿಕೊಂಡಾಗಲೂ ಆ ಒಂದು ಶಿಖರ ಅವರ ಪಾಲಿಗೆ ಬಾಕಿಯೇ ಇತ್ತು.

ಹನ್ನೆರಡರಲ್ಲಿ ಹನ್ನೊಂದು ಬ್ಲ್ಯಾಕ್ ಕೂಲಿನ್ ಎಂಬ ಒಂದೇ ಏಣಿನ ಮೇಲಿವೆ. ಏಣಿನ ಉದ್ದ ಸುಮಾರು 12 ಕಿ.ಮೀ. ಹನ್ನೆರಡನೆಯದು ಬ್ಲಾವೆನ್, ಸ್ವಲ್ಪ ಪೂರ್ವಕ್ಕೆ ಪ್ರತ್ಯೇಕವಾಗಿ ನಿಂತಿದೆ. ಇಡೀ ಏಣನ್ನು ಒಂದೇ ಓಟದಲ್ಲಿ ದಾಟುವವರಿದ್ದಾರೆ. ಆದರೆ ಪಟ್ಟಿಗಾಗಿ ಬರುವ ಇಬ್ಬರಿಗೆ ಅದು ತಕ್ಕ ದಾರಿಯಲ್ಲ. ಬೇಸ್ ಕ್ಯಾಂಪಿನಿಂದ ಪ್ರತಿದಿನ ಎರಡು ಮೂರು ಶಿಖರ ಹತ್ತಿ ಇಳಿದರೆ ಆರು ದಿನದಲ್ಲಿ ಕೆಲಸ ಮುಗಿಯುತ್ತದೆ. ಮಳೆಗೆ ಮೂರು ದಿನ ಸೇರಿಸಿ ಒಂಬತ್ತು ದಿನ ಇಟ್ಟುಕೊಳ್ಳಿ. ಮೇ ಮತ್ತು ಜೂನ್ ಒಳ್ಳೆಯ ಕಾಲ. ಉಳಿದ ತಿಂಗಳುಗಳಿಗಿಂತ ಮಳೆ ಕಡಿಮೆ, ಜೂನ್‌ನಲ್ಲಿ ಹಗಲು ಹದಿನೇಳು ಗಂಟೆಗೂ ಮೀರಿ ಇರುತ್ತದೆ. ಮೇ ಕೊನೆಯಿಂದ ಮಿಜ್ ಎಂಬ ಸಣ್ಣ ನುಸಿಗಳ ಕಾಟ ಶುರು. ಗಾಳಿ ಇದ್ದರೆ ಅವು ಏಳುವುದಿಲ್ಲ, ಆದ್ದರಿಂದ ಟೆಂಟನ್ನು ತಗ್ಗಿನಲ್ಲಿ ಹಾಕದೆ ಗಾಳಿ ಬೀಸುವ ಕಡೆ ಹಾಕಿ, ತಲೆಗೆ ಹಾಕುವ ಬಲೆ ತಪ್ಪದೆ ಒಯ್ಯಿರಿ.

ಕೈಲ್ ಆಫ್ ಲೊಹಾಲ್ಶ್‌ನ ಸೇತುವೆ 1995ರಲ್ಲಿ ಆದಮೇಲೆ ದ್ವೀಪಕ್ಕೆ ರಸ್ತೆಯಲ್ಲೇ ಹೋಗಬಹುದು. ಗ್ಲಾಸ್ಗೋದಿಂದ ಬರುವ ಬಸ್ಸು ಸ್ಲೀಗಖನ್‌ನಲ್ಲಿ ನಿಲ್ಲುತ್ತದೆ, ಉತ್ತರದ ಮೂರು ಶಿಖರಗಳಿಗೆ ಅದೇ ಬುಡ. ಉಳಿದ ಎಂಟಕ್ಕೆ ಗ್ಲೆನ್ ಬ್ರಿಟಲ್ ಬೇಕು. ಅಲ್ಲಿ ಕ್ಯಾಂಪ್‌ಸೈಟ್ ಮತ್ತು ಹಾಸ್ಟೆಲ್ ಇವೆ, ಆದರೆ ಕಾರಿಲ್ಲದೆ ಓಡಾಟ ಕಷ್ಟ. ದಿನಸಿಯನ್ನು ದ್ವೀಪದ ಮುಖ್ಯ ಪಟ್ಟಣ ಪೋರ್ಟ್ರಿಯಲ್ಲೇ ತುಂಬಿಸಿಕೊಳ್ಳಿ.

ಬಂಡೆಯ ವಿಷಯ ಸರಿಯಾಗಿ ಅರ್ಥವಾದರೆ ಅರ್ಧ ಅಪಾಯ ಕಳೆದಂತೆ. ಏಣಿನ ಹೆಚ್ಚಿನ ಭಾಗ ಗ್ಯಾಬ್ರೋ ಎಂಬ ಒರಟು ಕಲ್ಲು. ಒದ್ದೆಯಾದರೂ ಬೂಟು ಹಿಡಿದು ನಿಲ್ಲುತ್ತದೆ, ಆದರೆ ಬೆರಳ ತುದಿಯ ಚರ್ಮ ಎರಡೇ ದಿನದಲ್ಲಿ ಸವೆದುಹೋಗುತ್ತದೆ. ತೆಳು ಚರ್ಮದ ಕೈಗವಸು ಒಯ್ಯಿರಿ. ಇದರ ನಡುವೆ ಬಸಾಲ್ಟ್‌ನ ಪಟ್ಟಿಗಳು ಹಾದುಹೋಗಿವೆ. ಬಸಾಲ್ಟ್ ನುಣುಪು, ಒದ್ದೆಯಾದರೆ ಸೋಪು ಹಚ್ಚಿದಂತೆ ಜಾರುತ್ತದೆ. ಅದು ಗ್ಯಾಬ್ರೋಗಿಂತ ಬೇಗ ಸವೆಯುವುದರಿಂದ ಏಣಿನಲ್ಲಿ ಕಂದಕ, ಸಂದು, ಮೆಟ್ಟಿಲುಗಳಾಗಿರುವುದೆಲ್ಲ ಹೆಚ್ಚಾಗಿ ಈ ಪಟ್ಟಿಗಳಲ್ಲೇ. ಅಂದರೆ ಎಲ್ಲಿ ಕಾಲಿಗೆ ಹಿಡಿತ ಹೆಚ್ಚು ಬೇಕೋ ಅಲ್ಲೇ ಹಿಡಿತ ಕಡಿಮೆ. ಮಳೆ ನಿಂತ ಮೇಲೂ ಅರ್ಧ ದಿನ ಬಿಟ್ಟು ಹೋಗಬೇಕೆನ್ನುವುದು ಇದಕ್ಕೇ. ಇಲ್ಲಿನ ಕಲ್ಲಿಗೆ ಅಯಸ್ಕಾಂತದ ಗುಣವೂ ಇದೆ. ಮಂಜಿನಲ್ಲಿ ದಿಕ್ಸೂಚಿಯನ್ನೇ ನಂಬಿ ನಡೆಯಬೇಡಿ. ಹಾರ್ವಿ ನಕ್ಷೆಯಲ್ಲಿ ಏಣಿನ ಭಾಗವನ್ನು 1:12,500 ಪ್ರಮಾಣದಲ್ಲಿ ಹಿಗ್ಗಿಸಿ ಕೊಟ್ಟಿದ್ದಾರೆ. ಅದನ್ನು ಜಿಪಿಎಸ್ ಜೊತೆ ಹೊಂದಿಸಿ ನೋಡಿ.

ಹೀಗಾಗಿ ಶಿಖರಗಳ ಸರದಿಯನ್ನು ನಕ್ಷೆ ನೋಡಿ ಮಾಡಬೇಡಿ, ಬಂಡೆ ಒಣಗಿದೆಯೇ ಎಂದು ನೋಡಿ ಮಾಡಿ. ಮೊದಲು ಸಿಕ್ಕ ಒಣ, ಗಾಳಿಯಿಲ್ಲದ ದಿನವನ್ನು ಸ್ಕೂರ್ ಜೆರಗ್ ಮೇಲಿನ ಇನ್‌ಆಕ್ಸೆಸಿಬಲ್ ಪಿನಕಲ್‌ಗೆ ಮೀಸಲಿಡಿ. ಅದನ್ನು ಕೊನೆಯ ದಿನಕ್ಕೆ ಇಟ್ಟುಕೊಂಡರೆ ಆ ದಿನ ಮಳೆ ಬಂದರೂ ಹತ್ತಬೇಕೆನ್ನುವ ಹಟ ಹುಟ್ಟುತ್ತದೆ. ಅದರಲ್ಲೂ ಇಬ್ಬರಲ್ಲಿ ಒಬ್ಬರದು ಮಾತ್ರ ಪಟ್ಟಿಯಾಗಿದ್ದರೆ ಆ ಹಟ ಇನ್ನೊಬ್ಬರ ಮೇಲೆ ಬೀಳುತ್ತದೆ. ಹಿಂದಿರುಗುವ ಗಂಟೆಯನ್ನು ಹಿಂದಿನ ರಾತ್ರಿಯೇ ನಿಗದಿ ಮಾಡಿ. ಯಾರೊಬ್ಬರು ಬೇಡ ಎಂದರೂ ವಾದವಿಲ್ಲದೆ ಇಳಿಯುವುದೆಂದು ಮೊದಲೇ ಒಪ್ಪಿಕೊಳ್ಳಿ.

ಪಿನಕಲ್ ಎಂದರೆ ಸ್ಕೂರ್ ಜೆರಗ್‌ನ ನೆತ್ತಿಯ ಪಕ್ಕದಲ್ಲಿ ರೆಕ್ಕೆಯಂತೆ ಎದ್ದು ನಿಂತ ಬಂಡೆ. 986 ಮೀಟರ್ ಎತ್ತರದ ಅದರ ತುದಿ ಪಕ್ಕದ ಬೆಟ್ಟದ ನೆತ್ತಿಗಿಂತ ಎಂಟು ಮೀಟರ್ ಮೇಲಿದೆ. ಮನ್ರೋ ಎಂದು ಲೆಕ್ಕಕ್ಕೆ ಬರುವುದು ಆ ತುದಿಯೇ. 1880ರಲ್ಲಿ ಪಿಲ್ಕಿಂಗ್ಟನ್ ಸಹೋದರರು ಮೊದಲು ಹತ್ತಿದ ಪೂರ್ವದ ಏಣೇ ಇವತ್ತಿಗೂ ಸುಲಭದ ದಾರಿ. ಗ್ಲೆನ್ ಬ್ರಿಟಲ್‌ನಿಂದ ಬೆಟ್ಟದ ಪಶ್ಚಿಮದ ಏಣು ಹಿಡಿದು ನೆತ್ತಿಗೆ ಬರಲು ಎರಡೂವರೆಯಿಂದ ಮೂರು ಗಂಟೆ. ಅಲ್ಲಿಂದ ಪಿನಕಲ್‌ನ ದಕ್ಷಿಣದ ಬುಡಕ್ಕೆ ಅಂಟಿಕೊಂಡು, ಪುಡಿಗಲ್ಲು ಹರಡಿದ ಇಳಿಜಾರು ಹಾಸಿನ ಮೇಲೆ ಇಳಿದು ಆ ಪೂರ್ವದ ಏಣಿನ ಬುಡ ಸೇರಬೇಕು. ಈ ಹಾಸಿನ ಮೇಲೆ ಎಚ್ಚರ ತಪ್ಪುವವರೇ ಹೆಚ್ಚು, ಎಲ್ಲರ ಕಣ್ಣೂ ಮೇಲಿನ ಬಂಡೆಯ ಕಡೆಗೇ ಇರುತ್ತದೆ. ಸೊಂಟಕ್ಕೆ ಕಟ್ಟುವ ಹಾರ್ನೆಸ್, ಹೆಲ್ಮೆಟ್ ನೆತ್ತಿಯಲ್ಲೇ ಹಾಕಿಕೊಂಡು ಇಳಿಯಿರಿ.

ಏರುವ ದರ್ಜೆ ‘ಮಾಡರೇಟ್’, ಬ್ರಿಟಿಷ್ ಬಂಡೆ ದರ್ಜೆಗಳಲ್ಲಿ ಕೆಳಗಿನದು. ಹಿಡಿತಗಳು ದೊಡ್ಡವು. ಭಯ ಹುಟ್ಟಿಸುವುದು ಎರಡೂ ಕಡೆಯ ಪ್ರಪಾತ. ಇಬ್ಬರಿಗೆ 50 ಮೀಟರ್‌ನ ಒಂದು ಹಗ್ಗ, ಬಂಡೆಗೆ ಸುತ್ತಲು 120 ಸೆಂ.ಮೀ.ನ ಐದಾರು ಸ್ಲಿಂಗ್ ಎಂಬ ಪಟ್ಟಿಕುಣಿಕೆ, ಬಿರುಕಿಗೆ ಸಿಕ್ಕಿಸಲು ನಾಲ್ಕೈದು ನಟ್, ಜೊತೆಗಾರರ ಹಗ್ಗ ತಡೆಹಿಡಿಯಲು ತಲಾ ಒಂದು ಬಿಲೇ ಸಾಧನ, ತಲಾ ಎರಡು ಲಾಕಿಂಗ್ ಕ್ಯಾರಬೀನರ್ ಎಂಬ ಬೀಗದ ಕೊಂಡಿ ಮತ್ತು ಹಗ್ಗವನ್ನು ಕಚ್ಚಿ ಹಿಡಿಯುವ ಒಂದು ಪ್ರುಸಿಕ್ ಕುಣಿಕೆ ಸಾಕು. ಎರಡು ಹಂತವಾಗಿ ಹತ್ತಿ, ಸುಮಾರು ಅರ್ಧ ದಾರಿಯಲ್ಲಿ ಬಿಲೇಗೆ ಜಾಗವಿದೆ. ಮುಂದೆ ಹೋಗುವವರು ಸಿಕ್ಕ ಕಲ್ಲುಮೊನೆಗೆಲ್ಲ ಸ್ಲಿಂಗ್ ಹಾಕುತ್ತಾ ಹೋಗಬೇಕು. ಇದು ತಮ್ಮ ರಕ್ಷಣೆಗಷ್ಟೇ ಅಲ್ಲ. ಸ್ಲಿಂಗ್ ಇಲ್ಲದೆ ಹಗ್ಗ ಏಣಿನ ಒಂದು ಪಕ್ಕಕ್ಕೆ ಜಾರಿದರೆ, ಹಿಂದಿನವರು ಕಾಲು ತಪ್ಪಿದಾಗ ಲೋಲಕದಂತೆ ಆ ಪಕ್ಕಕ್ಕೆ ತೂಗಿಬಿಡುತ್ತಾರೆ. ಅರ್ಧದಲ್ಲಿ ಗಾಳಿಯಿಂದಾಗಿ ಮಾತು ಕೇಳಿಸುವುದಿಲ್ಲ. ಹಗ್ಗ ಎಳೆದು ಸೂಚನೆ ಕೊಡುವ ಕ್ರಮವನ್ನು ಕೆಳಗೇ ಗೊತ್ತು ಮಾಡಿಕೊಳ್ಳಿ.

ಇಳಿಯುವುದು ಪಶ್ಚಿಮದ ಗೋಡೆಯಿಂದ, ಹಗ್ಗಕ್ಕೆ ತೂಗಿಕೊಂಡು ಜಾರುವ ರ‍್ಯಾಪೆಲ್ ಮಾಡಿ. ಗೋಡೆ 20 ಮೀಟರ್‌ಗಿಂತ ಕಡಿಮೆ, ಆದ್ದರಿಂದ 50 ಮೀಟರ್ ಹಗ್ಗವನ್ನು ಮಡಿಸಿದರೆ ಸಾಲುತ್ತದೆ. ಆದರೂ ಎರಡೂ ತುದಿಗೆ ಗಂಟು ಹಾಕಿ. ತುದಿಯಲ್ಲಿ ಬಂಡೆಗೆ ಸುತ್ತಿದ ಲೋಹದ ಆಧಾರವನ್ನು ಕಣ್ಣಿಂದ ನೋಡಿ, ಕೈಯಿಂದ ಎಳೆದು ಪರೀಕ್ಷಿಸಿ. ಮೊದಲು ಇಳಿದವರು ಗಂಟು ಬಿಚ್ಚಿ ಹಗ್ಗವನ್ನು ಒಂದೆರಡು ಅಡಿ ಎಳೆದು ಅದು ಸಲೀಸಾಗಿ ಓಡುತ್ತದೆಯೇ ಎಂದು ನೋಡಿ, ಗಂಟು ಮತ್ತೆ ಹಾಕಲಿ. ಎರಡನೆಯವರು ಇಳಿದ ಮೇಲೆ ಹಗ್ಗ ಸಿಕ್ಕಿಕೊಂಡರೆ ಬಿಡಿಸಲು ಮೇಲೆ ಯಾರೂ ಇರುವುದಿಲ್ಲ. ಎಳೆಯುವ ಮುಂಚೆ ಗಂಟು ಬಿಚ್ಚಿದ್ದೀರಾ ಎಂದು ಒಬ್ಬರನ್ನೊಬ್ಬರು ಕೇಳಿ. ಬೇಸಿಗೆಯ ಮಧ್ಯಾಹ್ನ ಇಲ್ಲಿ ಗಂಟೆಗಟ್ಟಲೆ ಸಾಲು ನಿಲ್ಲುತ್ತದೆ. ಬೆಳಿಗ್ಗೆ ಏಳರೊಳಗೆ ಹೊರಡಿ, ಇಲ್ಲವೇ ಜೂನ್‌ನ ದೀರ್ಘ ಸಂಜೆಯನ್ನು ಆರಿಸಿಕೊಳ್ಳಿ. ಇಬ್ಬರಲ್ಲಿ ಯಾರಿಗೂ ಬಿಲೇ, ರ‍್ಯಾಪೆಲ್ ಸರಾಗವಾಗಿ ಬರದಿದ್ದರೆ ಈ ಒಂದು ದಿನಕ್ಕೆ ಗೈಡ್ ಹಿಡಿಯಿರಿ. ಪಿನಕಲ್ ಕಲಿಯುವ ಜಾಗವಲ್ಲ.

ಅದೇ ದಿನ ಸ್ಕೂರ್ ನ ಬನಖಿಚ್ ಸೇರಿಸಿಕೊಳ್ಳಬಹುದು, ಇಲ್ಲಿನ ಸುಲಭದವುಗಳಲ್ಲಿ ಒಂದು. ಪಕ್ಕದ ಸ್ಕೂರ್ ಅ ಗ್ರೇಟಾ ಮತ್ತು ಸ್ಕೂರ್ ಅ ವಾಟಿ ಎರಡಕ್ಕೂ ಆನ್ ಡೋರಸ್ ಎಂಬ ಸಂದೇ ಬಾಗಿಲು. ಗ್ರೇಟಾದಿಂದ ಮಂಜಿನಲ್ಲಿ ಮರಳುವಾಗ ಮೊದಲು ಸಿಗುವ ಸಂದು ಏಗ್ ಡೂ. ಅದನ್ನೇ ಆನ್ ಡೋರಸ್ ಎಂದುಕೊಂಡು ಇಳಿಯುವುದು ಇಲ್ಲಿನ ಹಳೆಯ ತಪ್ಪು. ಹೋಗುವಾಗಲೇ ಎರಡನ್ನೂ ಜಿಪಿಎಸ್‌ನಲ್ಲಿ ಗುರುತು ಮಾಡಿ.

ಅಲಸ್ಡರ್‌ಗೆ ಕೊರಿ ಲಾಗನ್‌ನ ಕೊಳದಿಂದ ಸುಮಾರು 380 ಮೀಟರ್ ಎತ್ತರದ ಕಲ್ಲುರಾಶಿ, ಗ್ರೇಟ್ ಸ್ಟೋನ್ ಷೂಟ್, ಹತ್ತಬೇಕು. ಒಬ್ಬರ ಹಿಂದೆ ಒಬ್ಬರು ದೂರ ದೂರ ಹತ್ತಿದರೆ ಮೇಲಿನವರು ಉರುಳಿಸಿದ ಕಲ್ಲು ಕೆಳಗಿನವರನ್ನು ತಲುಪುವ ಹೊತ್ತಿಗೆ ವೇಗ ಪಡೆದಿರುತ್ತದೆ. ಕೈಗೆಟುಕುವಷ್ಟು ಹತ್ತಿರ ಇರಿ. ಸ್ಕೂರ್ ವಿಕ್ ಖೊನ್ಯಿಚ್ ಕೂಡ ಇದೇ ಕೊಳದ ಮೇಲಿದೆ, ಎರಡನ್ನೂ ಒಂದೇ ದಿನ ಮುಗಿಸಬಹುದು. ಸ್ಕೂರ್ ಡೂ ಮೋರ್ ಮತ್ತು ಸ್ಕೂರ್ ನನ್ ಏಗ್‌ಗೆ ಗ್ರುಂಡಾ ಕಣಿವೆಯ ದಾರಿ. ಅಲ್ಲಿ 700 ಮೀಟರ್ ಎತ್ತರದಲ್ಲಿರುವ ಕೊಳ ನೀರು ತುಂಬಿಸಿಕೊಳ್ಳಲು ಕೊನೆಯ ಜಾಗ. ಏಣಿನ ಮೇಲೆ ನೀರು ಸಿಗುವುದಿಲ್ಲವೆಂದೇ ತಿಳಿದು ತಲಾ ಎರಡೂವರೆ ಲೀಟರ್ ಹೊತ್ತೇ ಹತ್ತಿ.

ಸ್ಲೀಗಖನ್ ಕಡೆಯ ಮೂರರಲ್ಲಿ ಬ್ರೂಆಖ್ ನ ಫ್ರೀ ಸರಳ. ಸ್ಕೂರ್ ನನ್ ಗಿಲ್ಯನ್‌ನ ದಾರಿಗೆ ‘ಟೂರಿಸ್ಟ್ ರೂಟ್’ ಎಂಬ ಹೆಸರಿದ್ದರೂ ಕೊನೆಯ ನೂರು ಮೀಟರ್ ಕೈಕಾಲು ಎರಡೂ ಬಳಸಿ ಹತ್ತುವ ಗಟ್ಟಿ ಸ್ಕ್ರಾಂಬ್ಲಿಂಗ್. ಆಮ್ ಬಾಸ್ಟೆರ್‌ನ ಏಣಿನ ನಡುವೆ ಒಂದು ಸಣ್ಣ ಕಡಿದಾದ ಇಳಿತವಿದೆ. ಬಂಡೆ ಕಳಚಿದ ಮೇಲೆ ಅದು ಮೊದಲಿಗಿಂತ ಕಷ್ಟವಾಗಿದೆ, ವಾಪಸ್ಸೂ ಅದನ್ನೇ ಏರಬೇಕು. ಹಗ್ಗವನ್ನು ಆ ದಿನವೂ ಒಯ್ಯಿರಿ.

ಹೆಸರುಗಳನ್ನು ಇಲ್ಲಿ ಉಚ್ಚಾರದಂತೆ ಬರೆದಿದೆ. ನಕ್ಷೆಯ ಗೇಲಿಕ್ ಕಾಗುಣಿತ ಬೇರೆಯೇ ಕಾಣುತ್ತದೆ. ಅವಘಡವಾದರೆ 999ಕ್ಕೆ ಕರೆ ಮಾಡಿ, ಮೊದಲು ಪೊಲೀಸ್, ಆಮೇಲೆ ಮೌಂಟನ್ ರೆಸ್ಕ್ಯೂ ಎಂದು ಕೇಳಿ. ಶಿಖರದ ಹೆಸರಿಗಿಂತ ನಕ್ಷೆಯ ಗ್ರಿಡ್ ಸಂಖ್ಯೆ ಓದಿ ಹೇಳಿದರೆ ಗೊಂದಲವಿರುವುದಿಲ್ಲ.

ಮಂಜು ಬಿಡದ ದಿನಕ್ಕೆ ಬ್ಲಾವೆನ್ ಇಟ್ಟುಕೊಳ್ಳಿ. ಟೋರಿನ್ ಹತ್ತಿರದ ಲಾಖ್ ಸ್ಲಾಪಿನ್ ತೀರದಿಂದ ಕಾಲುದಾರಿ ಸ್ಪಷ್ಟವಾಗಿದೆ, ಹತ್ತಿ ಇಳಿಯಲು ಆರು ಗಂಟೆ ಸಾಕು, ಹಗ್ಗವನ್ನು ಕಾರಿನಲ್ಲೇ ಬಿಡಬಹುದು.