ಕಾಲುವೆ ಏರಿ ಹತ್ತದ ಎಟಿವಿ

ಚಿಕ್ಕಪ್ಪನ ಮಗ ಗಂಗಾವತಿ ಹತ್ತಿರ ಭತ್ತ ಬೆಳೆಯುತ್ತಾನೆ. ಹೊಲ ತುಂಗಭದ್ರಾ ಎಡದಂಡೆಯ ಒಂದು ಉಪಕಾಲುವೆಯ ಪಕ್ಕದಲ್ಲೇ ಇದೆ. ಗೊಬ್ಬರ, ಔಷಧಿ, ಸ್ಪ್ರೇ ಪಂಪು ಹೊರೋಕೆ ಇರಲಿ ಅಂತ ಒಂದು ಹಳೇ ಎಟಿವಿ, ಅಂದರೆ ಬೈಕಿನ ಹಾಗೆ ಕೂತು ಓಡಿಸುವ ನಾಲ್ಕು ದಪ್ಪ ಚಕ್ರದ ಗಾಡಿ, ಕೊಂಡ. ಹಂಪಿ ಕಡೆ ಪ್ರವಾಸಿಗರಿಗೆ ಬಾಡಿಗೆಗೆ ಓಡಿದ ಗಾಡಿ ಅದು. ಚೀನಾ ಎಂಜಿನ್, 110 ಸಿಸಿ, ಮುಂದಕ್ಕೆ ಮೂರು ಗೇರ್, ಹಿಂದಕ್ಕೆ ಒಂದು. ನೋಂದಣಿ ಇಲ್ಲ, ಹಾಗಾಗಿ ರಸ್ತೆಗೆ ತರುವಂತಿಲ್ಲ. ಹೊಲದೊಳಗೆ ಓಡಿಸಿಕೊಳ್ಳಬೇಕು, ಅಷ್ಟೇ.

ಸಮ ನೆಲದಲ್ಲಿ ಚೆನ್ನಾಗೇ ಓಡುತ್ತಿತ್ತು. ಹೊಲದಿಂದ ಕಾಲುವೆ ಏರಿಗೆ ಹತ್ತುವ ಜಾಗ ಬಂದಾಗ ಮಾತ್ರ ಮರ್ಯಾದೆ ಕಳೆಯುತ್ತಿತ್ತು. ಎರಡು ಚೀಲ ಯೂರಿಯಾ ಹೇರಿದರೆ 90 ಕೆಜಿ. ಓಡಿಸುವವನ ತೂಕ ಬೇರೆ. ಸಾಲದ್ದಕ್ಕೆ ನಾಲ್ಕೂ ಟೈರಿಗೆ ಮೆತ್ತಿದ ಎರೆಮಣ್ಣು. ಆಕ್ಸಿಲರೇಟರ್ ತಿರುವಿದರೆ ಎಂಜಿನ್ ಗೊರ್ ಅಂತ ಒದ್ದಾಡಿ ಅರ್ಧಕ್ಕೇ ಆಫ್. ಜೋರಾಗಿ ರೇಸ್ ಮಾಡಿಕೊಂಡು ಹತ್ತಿಸಿದರೆ ಕ್ಲಚ್ ಸುಟ್ಟ ವಾಸನೆ.

ನನ್ನ ಈ ತಮ್ಮ, ಮೊಬೈಲಿನಲ್ಲಿ ವಿಡಿಯೋಗಳನ್ನು ನೋಡಿ ಪರಿಹಾರ ಕಂಡುಕೊಂಡಿದ್ದ. ‘ರೇಸಿಂಗ್ ಸಿಡಿಐ’ ಅಂತ ಎಂಜಿನ್ನಿನ ಕಿಡಿಯನ್ನು ನಿಯಂತ್ರಿಸುವ ಕೇಸರಿ ಬಣ್ಣದ ಪೆಟ್ಟಿಗೆ, ಅದಕ್ಕೆ ಜೋಡಿಯಾಗಿ ಕಿಡಿಗೆ ವೋಲ್ಟ್ ಏರಿಸಿ ಕೊಡುವ ದಪ್ಪ ವೈರಿನ ಇಗ್ನಿಷನ್ ಕಾಯಿಲ್. ಎರಡನ್ನೂ ಆನ್‌ಲೈನಿನಲ್ಲಿ ತರಿಸಿ ತಾನೇ ಹಾಕಿದ್ದ. ನಾನು ರಜೆಗೆ ಹೋದಾಗ ಅವನ ಮುಖ ಸಪ್ಪಗಿತ್ತು.

“ಅಣ್ಣ, ಮ್ಯಾಲಿನ ಸ್ಪೀಡ್ ಬಂದದ. ಏರಿ ಮಾತ್ರ ಹತ್ತವಲ್ದು.”

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವವನು. ಪಾಠದಲ್ಲಿ ನಾಲ್ಕು ಹೊಡೆತದ ಎಂಜಿನ್ ಚಿತ್ರ ಬರೆಸಿದ್ದೇನೆ, ಕೈಗೆ ಗ್ರೀಸ್ ಹತ್ತಿದ್ದು ಕಡಿಮೆ. ಇಬ್ಬರೂ ಗಾಡಿಯನ್ನು ಟ್ರ್ಯಾಕ್ಟರ್ ಟ್ರೇಲರಿಗೆ ಹಾಕಿಕೊಂಡು ಗಂಗಾವತಿಯ ಒಂದು ಗ್ಯಾರೇಜಿಗೆ ಹೋದೆವು. ಅಲ್ಲಿನ ಚಾಚಾ ಹಳೇ ಕಾಲದವರು. ಬುಲೆಟ್ ಬೈಕಿನ ಪಾಯಿಂಟ್ ಗ್ಯಾಪಿಗೆ ಸಿಗರೇಟ್ ಹಾಳೆ ಇಟ್ಟು ಟೈಮಿಂಗ್, ಅಂದರೆ ಕಿಡಿ ಬರುವ ಗಳಿಗೆ, ನೋಡುತ್ತಿದ್ದ ತಲೆಮಾರು.

ಕೇಸರಿ ಪೆಟ್ಟಿಗೆಯನ್ನು ತಿರುಗಿಸಿ ನೋಡಿ ಚಾಚಾ ನಕ್ಕರು. ಅದನ್ನು ಮುಟ್ಟದೆ ಮೊದಲು ಪ್ಲಗ್ ಬಿಚ್ಚಿದರು. ಮಸಿ ಹಿಡಿದಿತ್ತು. ಗ್ಯಾಪ್ ಸವೆದು ಹತ್ತಿರ ಹತ್ತಿರ 1 ಮಿಮೀ ಆಗಿತ್ತು, ಇರಬೇಕಾದದ್ದು 0.6ರಿಂದ 0.7. ಚಾಸಿಗೆ ಬೋಲ್ಟ್ ಮಾಡಿದ ಅರ್ತ್ ವೈರಿನ ತುದಿಗೆ ತುಕ್ಕು. ಉಪ್ಪುಕಾಗದದಿಂದ ತಿಕ್ಕಿ, ಸಾದಾ ಹೊಸ ಪ್ಲಗ್ ಹಾಕಿದರು. ಎಂಜಿನ್ ನಡುನಡುವೆ ಕಿಡಿ ತಪ್ಪಿ ಮುಗ್ಗರಿಸುವುದು, ಅಂದರೆ ಮಿಸ್ಸಿಂಗ್, ಅಲ್ಲಿಗೇ ನಿಂತಿತು. ವಿಡಿಯೋಗಳಲ್ಲಿ ಹೊಸ ಪಾರ್ಟ್ ಹಾಕಿದ ಕೂಡಲೇ ಗಾಡಿ ಹಾರುತ್ತದಲ್ಲ, ಅದರಲ್ಲಿ ಎಷ್ಟೋ ಸಲ ಹಳೇ ಪಾರ್ಟ್ ಕೆಟ್ಟಿದ್ದೇ ಕಾರಣ ಇರಬೇಕು ಅಂತ ನನ್ನ ಗುಮಾನಿ.

ಆಮೇಲೆ ಪಕ್ಕದ ಕಾರ್ ಗ್ಯಾರೇಜಿನಿಂದ ಟೈಮಿಂಗ್ ಲೈಟ್ ಕಡ ತರಿಸಿದರು. ಪ್ಲಗ್ ವೈರಿಗೆ ಅದರ ಕ್ಲಿಪ್ ಹಾಕಿದರೆ ಪ್ರತಿ ಕಿಡಿಗೂ ಒಮ್ಮೆ ಮಿಂಚುತ್ತದೆ. ಕವರಿನ ಕಿಂಡಿಯಲ್ಲಿ ಎಂಜಿನ್ನಿನ ಜೊತೆ ತಿರುಗುವ ಮ್ಯಾಗ್ನೆಟ್ ಚಕ್ರ ಆ ಬೆಳಕಿಗೆ ನಿಂತ ಹಾಗೆ ಕಾಣುತ್ತದೆ, ಕಿಡಿ ಬರಬೇಕಾದ ಜಾಗ ತೋರಿಸಲು ಅದರ ಮೇಲೆ ಕೊರೆದ ‘ಎಫ್’ ಗುರುತೂ ಕಾಣುತ್ತದೆ. ಹಳೇ ಸಿಡಿಐ ಹಾಕಿ ನೋಡಿದೆವು, ಹೊಸದು ಹಾಕಿ ನೋಡಿದೆವು. ಐಡಲಿಂಗಿನಲ್ಲಿ ಗುರುತು ಎರಡಕ್ಕೂ ಒಂದೇ ಜಾಗದಲ್ಲಿತ್ತು. ತಮ್ಮ ತರಿಸಿದ ಪೆಟ್ಟಿಗೆ ಬದಲಿಸಿದ್ದು ಮೇಲಿನ ಲೆಕ್ಕವನ್ನು ಮಾತ್ರ: ಎಂಜಿನ್ ಎಷ್ಟು ಸುತ್ತಿನವರೆಗೆ ಹೋಗಬಹುದು ಅನ್ನುವ ಮಿತಿಯನ್ನು ತೆಗೆದಿತ್ತು. ಏರಿ ಹತ್ತುವಾಗ ಆ ಸುತ್ತುಗಳಿಗೆ ಎಂಜಿನ್ ಮುಟ್ಟುವುದೇ ಇಲ್ಲ.

“ಕಾಯಿಲ್ ದೊಡ್ಡದು ಹಾಕಿದ್ರೂ ಏನೂ ಆಗಲಿಲ್ಲಲ್ಲ ಚಾಚಾ?” ತಮ್ಮನ ಪ್ರಶ್ನೆ.

“ಬೆಂಕಿ ಹತ್ತಿದ ಮ್ಯಾಲ ಕಡ್ಡಿ ಎಷ್ಟು ಉದ್ದ ಇದ್ರ ಏನೋ? ಟೈಮಿಗೆ ಗೀರಬೇಕಪ್ಪ.”

ಇದು ನನ್ನ ಪಾಠಕ್ಕೂ ಸರಿಹೋಗುತ್ತದೆ. ಮ್ಯಾಗ್ನೆಟ್ ತಿರುಗಿದಾಗ ಒಳಗಿನ ಕಾಯಿಲ್ ಸಿಡಿಐನ ಕಪ್ಯಾಸಿಟರಿಗೆ ನೂರಾರು ವೋಲ್ಟ್ ತುಂಬಿಸುತ್ತದೆ. ಪಿಕಪ್ ಕಾಯಿಲ್ ಸನ್ನೆ ಕೊಟ್ಟ ಗಳಿಗೆಯಲ್ಲಿ ಅದಷ್ಟೂ ಇಗ್ನಿಷನ್ ಕಾಯಿಲಿಗೆ ನುಗ್ಗುತ್ತದೆ. ಅಲ್ಲಿಂದ ಸಾವಿರಾರು ವೋಲ್ಟಿನ ಕಿಡಿ. ಮಿಶ್ರಣ ಒಮ್ಮೆ ಸರಿಯಾಗಿ ಹತ್ತಿಕೊಂಡರೆ ಮುಗಿಯಿತು, ಕಿಡಿ ಇನ್ನೂ ದಪ್ಪ ಆದರೆ ಶಕ್ತಿ ಹೆಚ್ಚುವುದಿಲ್ಲ. ಯಾವಾಗ ಹತ್ತಿತು ಅನ್ನೋದು ಮುಖ್ಯ. ಪೆಟ್ರೋಲ್ ಉರಿಯಲು ಸ್ವಲ್ಪ ಹೊತ್ತು ಬೇಕು. ಅದಕ್ಕೇ ಪಿಸ್ಟನ್ ಮೇಲಿನ ತುದಿ ಮುಟ್ಟುವ ಮೊದಲೇ ಕಿಡಿ ಬರುತ್ತದೆ. ಒತ್ತಡ ಏರಿ ತುದಿಗೆ ಬರುವ ಹೊತ್ತಿಗೆ ಪಿಸ್ಟನ್ ತಿರುಗಿಸುವ ದಂಡ, ಅಂದರೆ ಕ್ರ್ಯಾಂಕ್, ಮೇಲಿನ ತುದಿ ದಾಟಿ ಹತ್ತು ಹದಿನೈದು ಡಿಗ್ರಿ ಹೋಗಿದ್ದರೆ ತಳ್ಳು ಪೂರ್ತಿ ಸಿಗುತ್ತದೆ. ಪಂಚಮಿ ಜೋಕಾಲಿಯನ್ನು ತೂಗುವವರಿಗೆ ಇದು ಗೊತ್ತು. ಜೋಕಾಲಿ ಇನ್ನೂ ಬರುತ್ತಿರುವಾಗ ತಳ್ಳಿದರೆ ಕೈಗೇ ಪೆಟ್ಟು, ತಡವಾಗಿ ತಳ್ಳಿದರೆ ಬರೀ ಗಾಳಿ.

ಈ ಗಾಡಿಯ ಕಿಡಿ ಕಡಿಮೆ ಸುತ್ತಿನಲ್ಲಿ ತುಸು ತಡ ಅಂತ ಚಾಚಾ ತೀರ್ಮಾನ. ಅಗ್ಗದ ಎಂಜಿನ್ನುಗಳಲ್ಲಿ ಹಾಗೇ ಬಿಡುತ್ತಾರಂತೆ. ಸುಲಭವಾಗಿ ಸ್ಟಾರ್ಟ್ ಆಗಲಿ, ಯಾವ ಪೆಟ್ರೋಲ್ ಹಾಕಿದರೂ ಎಂಜಿನ್ ಒಳಗೆ ಕಟಕಟ ಬಡಿಯದಿರಲಿ ಅಂತ. ಯಮಹಾ ಬ್ಯಾನ್ಶೀಯಂಥ ಎಟಿವಿಗಳಿಗೆ ಇದನ್ನು ಸರಿಪಡಿಸಲು ಡಿಗ್ರಿ ಗೆರೆ ಕೊರೆದ ಟೈಮಿಂಗ್ ಪ್ಲೇಟ್ ಸಿಗುತ್ತದೆ. ಕೆಲವು ಎಂಜಿನ್ನುಗಳಿಗೆ ಮ್ಯಾಗ್ನೆಟ್ಟನ್ನು ಕ್ರ್ಯಾಂಕಿಗೆ ಕೂರಿಸುವ ಸಣ್ಣ ಲೋಹದ ತುಂಡನ್ನೇ (ಕೀ) ಸ್ವಲ್ಪ ಸರಿಸಿ ಮಾಡಿ ಮಾರುತ್ತಾರೆ. ಗಂಗಾವತಿಯಲ್ಲಿ ಸಿಕ್ಕಿದ್ದು ಚಾಚಾರ ಅರ.

ಪುಲ್ಲರ್ ಹಾಕಿ ಮ್ಯಾಗ್ನೆಟ್ ಎಳೆದರು. ಪಿಕಪ್ ಕಾಯಿಲ್ ಕೂತಿದ್ದ ಕಾಯಿಲ್ ಪ್ಲೇಟ್ ಹೊರಗೆ ಬಂತು. ಅದರ ಸ್ಕ್ರೂ ತೂತುಗಳನ್ನು ಉದ್ದಕ್ಕೆ ಅರದಿಂದ ತಿಕ್ಕಬೇಕು, ಪ್ಲೇಟ್ ಸ್ವಲ್ಪ ತಿರುಗುವಂತೆ. ಎಡಗಡೆಯಿಂದ ನೋಡಿದರೆ ಮ್ಯಾಗ್ನೆಟ್ ಗಡಿಯಾರದ ಉಲ್ಟಾ ದಿಕ್ಕಿಗೆ ತಿರುಗುತ್ತದೆ. ಪ್ಲೇಟನ್ನು ಅದಕ್ಕೆ ಎದುರಾಗಿ, ಅಂದರೆ ಗಡಿಯಾರದ ದಿಕ್ಕಿಗೆ ಸರಿಸಿದರೆ ಕಿಡಿ ಬೇಗ ಬರುತ್ತದೆ. ಮ್ಯಾಗ್ನೆಟ್ಟಿನ ಸುತ್ತಳತೆ ಸುಮಾರು 300 ಮಿಮೀ. ಒಂದು ಡಿಗ್ರಿ ಅಂದರೆ ಅಂಚಿನಲ್ಲಿ 0.8 ಮಿಮೀ ಚಿಲ್ಲರೆ. ಚಾಚಾ ಈ ಲೆಕ್ಕ ಕೇಳಿ “ಮಾಸ್ತರ್ರ, ನೀವು ಬರಕೋರಿ” ಅಂದು ಕಣ್ಣಳತೆಯಲ್ಲೇ ತಿಕ್ಕಿದರು. ಆಮೇಲೆ ಲೈಟ್ ಹಿಡಿದು ನೋಡಿದರೆ ಕಿಡಿ ಹೆಚ್ಚು ಕಡಿಮೆ ಐದು ಡಿಗ್ರಿ ಮೊದಲೇ ಬರುತ್ತಿತ್ತು.

ಗಾಡಿಯನ್ನು ಹೊಲಕ್ಕೆ ಒಯ್ದು ಏರಿ ಹತ್ತಿಸಿದೆವು. ಏಪ್ರಿಲ್ ಮಧ್ಯಾಹ್ನ, ನೆರಳಿನಲ್ಲೇ ನಲವತ್ತರ ಆಸುಪಾಸಿನ ಬಿಸಿಲು. ಗಾಡಿ ಹತ್ತಿತು, ಆದರೆ ಎಂಜಿನ್ನಿನೊಳಗಿಂದ ಕಟಕಟ ಸದ್ದು. ಜೊತೆಗೆ ಬಂದಿದ್ದ ಚಾಚಾ ಕೂಡಲೇ ಆಫ್ ಮಾಡಿಸಿದರು. ಕಿಡಿ ಜಾಸ್ತಿ ಬೇಗ ಬಂದರೆ, ಎಂಜಿನ್ ಬಿಸಿ ಇದ್ದರೆ, ಉರಿಯದೆ ಉಳಿದ ಮಿಶ್ರಣ ತಾನೇ ಸಿಡಿಯುತ್ತದೆ. ಅದು ಪಿಸ್ಟನ್ ತಲೆ ತಿನ್ನುವ ಸದ್ದು. ಗಾಳಿಯಿಂದಲೇ ತಣಿಯುವ ಎಂಜಿನ್ನಿಗೆ, ಭಾರ ಹೊತ್ತು ನಿಧಾನ ಹತ್ತುವಾಗ, ಗಾಳಿಯೂ ಸಾಲದು. ಪ್ಲೇಟನ್ನು ಸ್ವಲ್ಪ ಹಿಂದಕ್ಕೆ ತಂದು ಮೂರು ಡಿಗ್ರಿಗೆ ನಿಲ್ಲಿಸಿದರು. ಸದ್ದು ಹೋಯಿತು. ಎರಡು ಚೀಲದ ಭಾರ ಇಟ್ಟುಕೊಂಡು, ಮೊದಲ ಗೇರಿನಲ್ಲಿ, ರೇಸ್ ಮಾಡದೆ ಏರಿ ಹತ್ತಿತು.

ಮನೆಗೆ ಬಂದು ಸುಮ್ನೆ ಲೆಕ್ಕ ಹಾಕಿದೆ. ನಿಮಿಷಕ್ಕೆ 3,000 ಸುತ್ತಿನಲ್ಲಿ ಒಂದು ಸುತ್ತಿಗೆ 20 ಮಿಲಿಸೆಕೆಂಡ್. ಮೂರು ಡಿಗ್ರಿ ಅಂದರೆ ಸೆಕೆಂಡಿನ ಆರು ಸಾವಿರದಲ್ಲಿ ಒಂದು ಪಾಲು. ತಮ್ಮ ದುಡ್ಡು ಸುರಿದದ್ದು ಕಿಡಿಯ ದಪ್ಪಕ್ಕೆ. ಕೆಲಸ ಮಾಡಿದ್ದು ಈ ಪಾಲು.

ಆದರೂ ಅದ್ಭುತ ಆಯಿತು ಅಂತ ಹೇಳಲಾರೆ. ಮಳೆಗಾಲದ ಕೆಸರಿನಲ್ಲಿ ಈ ಗಾಡಿ ಇನ್ನೂ ಏದುಸಿರು ಬಿಡುತ್ತದೆ. ಟೈಮಿಂಗ್ ಅನ್ನೋದು ಇಲ್ಲದ ಶಕ್ತಿಯನ್ನು ಹುಟ್ಟಿಸುವುದಿಲ್ಲ, ಪೋಲಾಗುತ್ತಿದ್ದದ್ದನ್ನು ಹಿಡಿದು ಕೊಡುತ್ತದೆ. ನಿಜವಾದ ಎಳೆತ ಬೇಕಾದರೆ ಚೈನ್ ಎಳೆಯುವ ಮುಂದಿನ ಹಲ್ಲುಚಕ್ರ, ಅಂದರೆ ಸ್ಪ್ರಾಕೆಟ್, ಬದಲಿಸಬೇಕು. 15 ಹಲ್ಲಿನದರ ಜಾಗಕ್ಕೆ 14 ಹಾಕಿದರೆ ಚಕ್ರಕ್ಕೆ ಸುಮಾರು 7 ಶೇಕಡಾ ಹೆಚ್ಚು ಎಳೆತ.

“ಆ ಕಾಯಿಲ್ ರೊಕ್ಕದಾಗ ನಾಕು ಸ್ಪ್ರಾಕೆಟ್ ಬರ್ತಿದ್ವು” ಅಂತ ಚಾಚಾ ಚುಚ್ಚಿದರು.

“ಸ್ಪೀಡ್ ಕಮ್ಮಿ ಆಗ್ತದಲ್ಲ ಚಾಚಾ.”

“ಗದ್ದ್ಯಾಗ ನಿನಗ ಎಷ್ಟು ಸ್ಪೀಡ್ ಬೇಕೋ?”

ಚೈನ್ ಸವೆದಾಗ ಸ್ಪ್ರಾಕೆಟನ್ನೂ ಬದಲಿಸೋಣ ಅಂತ ಮಾತಾಗಿದೆ. ಹಳೇ ಸಿಡಿಐ ಮತ್ತೆ ತನ್ನ ಜಾಗಕ್ಕೆ ಬಂದಿದೆ. ಮಿತಿ ತೆಗೆದು ಓಡಿಸಿದರೆ ಎಂಜಿನ್ ಬೇಗ ಹೋಗುತ್ತದೆ ಅಂತ ಚಾಚಾರೇ ಹಾಕಿಸಿದ್ದು. ಕೇಸರಿ ಪೆಟ್ಟಿಗೆಯನ್ನು ತಮ್ಮ ಮೊಬೈಲಿನಲ್ಲಿ ಮಾರಾಟಕ್ಕೆ ಇಟ್ಟಿದ್ದಾನೆ. ಫೋಟೋದ ಕೆಳಗೆ ‘ಒಳ್ಳೆ ಪಿಕಪ್ ಬರುತ್ತೆ’ ಅಂತ ಬರೆದಿದ್ದ. ನಾನು ಬೈದ ಮೇಲೆ ಅಳಿಸಿದ.